ಎಕ್ಸ್-ರೇ ಬರುವವರೆಗೆ

ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದ ಮೊದಲ ವರ್ಷಗಳಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದು ಕೆಲಸಕ್ಕೆ ಅನುಮತಿ ಸಿಕ್ಕರೂ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮ ಸಬ್‌ಡಿವಿಷನ್‌ನಿಂದ, ಎಂದರೆ ಬರೀ ಮನೆಗಳೇ ಇರುವ ಬಡಾವಣೆಯಿಂದ, ನಡೆದು ಹೋಗಬಹುದಾದ ಜಾಗವೆಂದರೆ ಇನ್ನೊಂದು ಸಬ್‌ಡಿವಿಷನ್. ಗಂಡ ಆಫೀಸಿಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಮೂರು ವರ್ಷದ ಮಗಳು.

ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಇದೆಯೆಂದು ತಿಳಿದಾಗ ಸೇರಲೇಬೇಕೆಂದು ಹಟ ಹಿಡಿದೆ. ನನ್ನ ಪಿಯುಸಿ ಅಂಕಪಟ್ಟಿ ಅವರಿಗೆ ಸಾಕಾಯಿತು. ಇಂಗ್ಲಿಷ್ ಓದುವ ಪರೀಕ್ಷೆ ಪಾಸಾದೆ. ಪೊಲೀಸ್ ತಪಾಸಣೆಯೂ ಮುಗಿಯಿತು. ಉಳಿದದ್ದು ಕ್ಷಯರೋಗ ಇಲ್ಲವೆಂಬ ಸರ್ಟಿಫಿಕೇಟ್ ಒಂದೇ.

ಕ್ಲಿನಿಕ್ಕಿನ ನರ್ಸ್ ಆ ಪರೀಕ್ಷೆಗೆಂದು ಮುಂಗೈಗೆ ಸಣ್ಣ ಸೂಜಿ ಚುಚ್ಚಿ ಕಳಿಸಿದಳು. ಆ ಜಾಗ ಕೆಂಪಾಗಿ ಊದಿಕೊಂಡಿತು. ಮತ್ತೆ ಹೋದಾಗ ಅದನ್ನು ಅಳೆದು, "ಪಾಸಿಟಿವ್. ಎದೆಯ ಎಕ್ಸ್-ರೇ ಆಗಬೇಕು" ಎಂದಳು. ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದಲೂ ಹೀಗಾಗಬಹುದು ಎಂದೂ ಹೇಳಿದಳು. ಗಂಡನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

"ರಿಸಲ್ಟ್ ಬರೋವರೆಗೂ ಮಗೂನ ಎತ್ಕೋಬೇಡ," ಎಂದರು ಕಾರಿನಲ್ಲಿ.

"ನಂಗೆ ಕೆಮ್ಮೇ ಇಲ್ವಲ್ಲ?"

"ಸುಮ್ನೆ ಯಾಕೆ ರಿಸ್ಕ್ ತಗೊಳ್ಳೋದು?"

ಅದು ಕೋಪವಲ್ಲ, ಹೆದರಿಕೆ. ಅದಕ್ಕೇ ಎದುರಾಡಲೂ ಆಗಲಿಲ್ಲ. ಹಗಲಿಗೆ ಮಗಳನ್ನು ಪಕ್ಕದ ಬೀದಿಯ ಹುಬ್ಬಳ್ಳಿಯ ಆಂಟಿಯ ಮನೆಯಲ್ಲಿ ಬಿಡತೊಡಗಿದರು. ನಾನು ಮಹಡಿಯ ಕೋಣೆ ಸೇರಿದೆ. ಸಂಜೆ ಮಗಳು ಬಂದು, "ಮಮ್ಮಿ, ಓಪನ್ ದ ಡೋರ್!" ಎಂದು ಬಾಗಿಲು ಬಡಿಯುತ್ತಿದ್ದಳು. ಒಳಗೆ ನಾನು ಬಾಗಿಲಿಗೆ ಕೈ ಒತ್ತಿ ನಿಂತಿರುತ್ತಿದ್ದೆ. ಬರಬರುತ್ತ ನನಗೇ ಅನುಮಾನ ಶುರುವಾಯಿತು. ಉಸಿರೆಳೆದುಕೊಂಡು ಎದೆಯಲ್ಲಿ ನೋವಿದೆಯೇ ಎಂದು ಹುಡುಕುತ್ತಿದ್ದೆ.

ಎಕ್ಸ್-ರೇ ಕೇಂದ್ರಕ್ಕೆ ವಾರಾಂತ್ಯದಲ್ಲಿ ರಜೆ. ಗಂಡನಿಗೆ ಉಳಿದ ದಿನ ಬಿಡುವಿಲ್ಲ. ಕೊನೆಗೆ ಆಂಟಿಯೇ ಬಂದು ಬಾಗಿಲು ತಟ್ಟಿದರು.

"ಇದೇನ ಹುಚ್ಚಾಟ ನಡಸೀರಿ? ಕೂಸು ದಿನಾ ಅಳತೈತಿ. ನಡಿ, ಗಾಡಿ ಹತ್ತು."

ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ಆದರೆ ವರದಿ ಕಾಲೇಜು ತಲುಪುವಷ್ಟರಲ್ಲಿ ಸೀಟುಗಳೆಲ್ಲ ಭರ್ತಿಯಾಗಿದ್ದವು. ಮಗಳು ನನ್ನ ಕೊರಳಿಗೆ ಜೋತುಬಿದ್ದಿದ್ದಾಗ ಗಂಡ, "ಒಳ್ಳೇದೇ ಆಯ್ತು ಬಿಡು. ಮನೇಲೇ ಆರಾಮಾಗಿರು," ಎಂದರು.

"ಜನವರಿ ಬ್ಯಾಚಿಗೆ ಹೋಗ್ತೀನಿ," ಎಂದೆ.

ಜನವರಿಯಲ್ಲಿ ಸೇರಿದೆ. ಅಷ್ಟರಲ್ಲಿ ಕಾರು ಕಲಿತಿದ್ದರೂ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿದ್ದರಿಂದ ಹಿಮದಲ್ಲಿ ಗಂಡನೇ ಕಾಲೇಜಿಗೆ ಬಿಟ್ಟುಹೋದರು. ಮೊದಲ ಪಾಠ, ಮಲಗಿದ ರೋಗಿಯನ್ನು ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸುವುದು. ರೋಗಿಯಾಗಿ ನಾನು ಮಲಗಿದೆ. ಡೆಟ್ರಾಯಿಟ್‌ನಿಂದ ಬರುತ್ತಿದ್ದ ಎತ್ತರದ ಹೆಂಗಸೊಬ್ಬಳು ನನ್ನ ಭುಜ, ಸೊಂಟ ಹಿಡಿದು ತನ್ನ ಕಡೆಗೆ ಹೊರಳಿಸಿಕೊಂಡು, "ಹೆದರಬೇಡ, ಹಿಡಿದಿದ್ದೀನಿ" ಎಂದಳು. ಅಷ್ಟಕ್ಕೇ ಮಹಡಿಯ ಕೋಣೆಯ ಮುಚ್ಚಿದ ಬಾಗಿಲು ನೆನಪಾಗಿ ನನಗೆ ಅಳು ಬಂತು. ನೋವಾಯಿತೇನೋ ಎಂದು ಅವಳು ಗಾಬರಿಯಾಗಿ ಕೈಬಿಟ್ಟಳು.