ಗೋಳಗುಮ್ಮಟದ ಗೋಡೆಗೆ ಅತ್ತಿಗೆ ಹೇಳಿದ ಹೆಸರು

ಬಿಜಾಪುರದ ಗೋಳಗುಮ್ಮಟದಲ್ಲಿ, ಏಳು ಅಂತಸ್ತು ಹತ್ತಿದ ಮೇಲೆ ಗುಮ್ಮಟದ ಒಳಸುತ್ತಿಗೆ ಇರುವ ದುಂಡನೆಯ ಗ್ಯಾಲರಿಯಲ್ಲಿ, ನಾವು ಒಳಬಂದ ಬಾಗಿಲಿಗೆ ನಾಲ್ಕು ಹೆಜ್ಜೆ ಎಡಕ್ಕೆ ನಾನು ನಿಂತಿದ್ದೆ. ನನ್ನ ಬಲಗಿವಿ ಗೋಡೆಗೆ ಹತ್ತಿತ್ತು. ಯುಗಾದಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಇನ್ನೂ ಎಂಟು ಹೊಡೆದಿರಲಿಲ್ಲ. ವರ್ಷ ಅರವತ್ತೊಂದು ಎಂದು ನನ್ನ ನೆನಪು. ಅತ್ತಿಗೆ ಅರವತ್ತೆರಡು ಅನ್ನುತ್ತಾರೆ. ಅಣ್ಣ ನನ್ನ ಮುಂದೆ ಒಂದು ಮೊಳ ದೂರದಲ್ಲಿ, ಅವನೂ ಗೋಡೆಗೆ ಕಿವಿಯಿಟ್ಟು ನಿಂತಿದ್ದ. ಅತ್ತಿಗೆ ಎದುರಿನ ಸುತ್ತಿನಲ್ಲಿದ್ದರು. ನಡುವೆ ದೊಡ್ಡ ಬಯಲು. ಕೆಳಗೆ ಬಗ್ಗಿದರೆ ಸುಲ್ತಾನರ ಗೋರಿಗಳು ಆಟಿಕೆಯಂತೆ ಕಾಣುತ್ತಿದ್ದವು.

ಅಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ಅವನು ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ. ನಾನು ಅದೇ ಮಿಲ್ಲಿನಲ್ಲಿ ಬಟ್ಟೆ ಮಡಚುವ ಕಡೆ ಇದ್ದೆ. ಮಗ್ಗಗಳ ಸದ್ದಿನಲ್ಲಿ ಯಾರ ದನಿಯೂ ಯಾರಿಗೂ ಕೇಳದು. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ಹಾಗಾಗಿ ಹತ್ತು ವರ್ಷದಲ್ಲಿ ಅಣ್ಣನ ಕಿವಿ ಹೋದದ್ದನ್ನು ಯಾರೂ ಗುರುತಿಸಲಿಲ್ಲ. ಮದುವೆಗೆ ಮೊದಲು ಅತ್ತಿಗೆಗೆ ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಅದಕ್ಕೆ ಕಾರಣ ಇತ್ತು. ಅತ್ತಿಗೆಯ ತವರು ಹರಿಹರ. ಒಮ್ಮೆ ಅವರನ್ನು ಕರೆತರಲು ಹೋದಾಗ, ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಅವರು ತಂಗಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನಾನು ಮಾತಾಡಾಕೆ ಶುರು ಮಾಡಿದ್ರೆ ನಮ್ಮನೆಯವ್ರು ನನ್ನ ಮುಖ ಬಿಟ್ಟು ಬ್ಯಾರೆ ಕಡೆ ನೋಡಂಗೇ ಇಲ್ಲ ಕಣೇ. ನಿನ್ನ ಗಂಡ ನೋಡ್ತಾನೇನು?"

ಇದನ್ನು ನಾನು ಅಣ್ಣನಿಗೆ ಹೇಳಿದೆ. ಅವನು ನಗಲಿಲ್ಲ. "ಈಗ ಹೆಂಗೆ ಹೇಳ್ಲೋ?" ಅಂದ.

ಆ ಯುಗಾದಿಗೆ ಮಿಲ್ಲು ನಾಲ್ಕು ದಿನ ಮುಚ್ಚಿತ್ತು. ಹಬ್ಬಕ್ಕೆ ತವರಿಗೆ ಹೋಗಿದ್ದ ಅತ್ತಿಗೆ ಹರಿಹರದಲ್ಲಿ ರೊಟ್ಟಿ ಬುತ್ತಿಯೊಂದಿಗೆ ನಮ್ಮ ರೈಲು ಹತ್ತಿದರು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಬಿಜಾಪುರ ತಲುಪಿದೆವು. ಗುಮ್ಮಟದಲ್ಲಿ ಪಿಸುಮಾತು ಆಚೆ ಬದಿಗೆ ಕೇಳುತ್ತದೆಂದು ಅತ್ತಿಗೆಗೆ ಗೊತ್ತಿತ್ತು. ಅದನ್ನು ನೋಡಲೇಬೇಕೆಂದು ಹಟ ಹಿಡಿದಿದ್ದರು. ಅಣ್ಣ ಹೆದರಿದ. ಧೈರ್ಯ ಹೇಳಿದವನು ನಾನು: "ಎದುರಿಗೇ ನಿಂತಿರ್ತಾರೆ, ತುಟಿ ಕಾಣ್ತೈತೆ, ಬಿಡು." ಎರಡು ಸಾಲು ಮಗ್ಗದಾಚೆಯ ತುಟಿ ಓದುವವನು ಅವನು. ಮಗ್ಗದವರಿಗೆ ಮಾತ್ರ ಬರುವ ಲೆಕ್ಕ ಅದು, ನಾವಿಬ್ಬರೂ ಅದನ್ನು ನಂಬಿದೆವು.

ಎದುರಿನ ಸುತ್ತಿನಲ್ಲಿ ಕಾವಲುಗಾರ ಮುದುಕ ಅತ್ತಿಗೆಗೆ ಹೇಳಿದ್ದು ಗೋಡೆಯ ಮೂಲಕ ನನ್ನ ಕಿವಿಗೂ ಬಂತು.

"ಹಂಗಲ್ರಿ ಬಾಯಾರ, ಗ್ವಾಡಿ ಕಡೆ ಮಾರಿ ಮಾಡಿ ಸಣ್ಣಗ ಹೇಳ್ರಿ."

ಅತ್ತಿಗೆ ನಮಗೆ ಬೆನ್ನು ಮಾಡಿ ಗೋಡೆಗೆ ತಿರುಗಿದರು. ಸೆರಗು ಮತ್ತು ತುರುಬು, ಅಷ್ಟೇ ಅಣ್ಣನಿಗೆ ಕಂಡದ್ದು. ನನ್ನ ಕಿವಿಗೆ ಮಾತ್ರ, ಪಕ್ಕದಲ್ಲೇ ನಿಂತು ಉಸುರಿದಂತೆ, ಒಂದು ಹೆಸರು ಬಂತು. ಅಣ್ಣನ ಹೆಸರು. ಮದುವೆಯಲ್ಲಿ ಹೆಂಗಸರೆಲ್ಲ ಕಾಡಿ ಬೇಡಿ ಒಮ್ಮೆ ಒಡಪಿನಲ್ಲಿ ಹೇಳಿಸಿದ್ದು ಬಿಟ್ಟರೆ ಅತ್ತಿಗೆ ಆ ಹೆಸರನ್ನು ಎಂದೂ ಬಾಯಿ ಬಿಟ್ಟು ಹೇಳಿದವರಲ್ಲ. ಅಂಚೆಯವನು ಕೇಳಿದರೂ ನನ್ನನ್ನೇ ಕರೆಯುತ್ತಿದ್ದರು.

ನಾನು ಅಣ್ಣನ ತೋಳು ಮುಟ್ಟುವಷ್ಟರಲ್ಲಿ ಅತ್ತಿಗೆ ಇತ್ತ ತಿರುಗಿ ಕಾದು ನಿಂತರು. ಅಣ್ಣ ಊಹೆ ಮಾಡಿದ. ಬೆಳಿಗ್ಗೆಯಿಂದ ಅವರು ಹೇಳುತ್ತಿದ್ದುದು ಹಸಿವಿನ ಮಾತು.

"ಕೇಳ್ತು, ಕೇಳ್ತು! ಕೆಳಗಿಳಿದು ರೊಟ್ಟಿ ತಿನ್ನಾಣ!" ಎಂದು ಕೂಗಿದ.

ಗುಮ್ಮಟ ಆ ರೊಟ್ಟಿಯನ್ನು ಮತ್ತೆ ಮತ್ತೆ ಹೇಳಿತು. ಕಾವಲುಗಾರ ನಕ್ಕ. ಅತ್ತಿಗೆ ನಗಲಿಲ್ಲ. ಗ್ಯಾಲರಿಯ ಅರ್ಧ ಸುತ್ತು ನಿಧಾನವಾಗಿ ನಡೆದು ಬಂದರು. ಅಣ್ಣ ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದ. ಅವರು ಅವನ ಬೆನ್ನ ಹಿಂದೆ ನಿಂತು "ರೀ" ಅಂದರು. ಇನ್ನೊಮ್ಮೆ, ತುಸು ಜೋರಾಗಿ, "ರೀ" ಅಂದರು. ಅವನು ತಿರುಗಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಮೆಟ್ಟಿಲಿಳಿದು ಜಟಕಾ ಹತ್ತಿದೆವು. ಊರಾಚೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಜಟಕಾದವನು ನೀರಿನ ತೊಟ್ಟಿಯೊಂದನ್ನು ತೋರಿಸಿದ. ತೋಪು ಹಾರಿಸುವವನು ಬತ್ತಿ ಹಚ್ಚಿದ ಕೂಡಲೇ ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದನಂತೆ.

ಅತ್ತಿಗೆ ಅಣ್ಣನ ಎದುರಿಗೆ ಬಂದು ನಿಂತರು.

"ತಿಳೀತಾ? ಅವ್ನಿಗೆ ಬುದ್ಧಿ ಇತ್ತು. ನಿಮ್ಮ ಮಗ್ಗದ ಮಗ್ಗಲಾಗೂ ಒಂದು ತೊಟ್ಟಿ ಕಟ್ಟಿಸ್ಬೇಕಿತ್ತು."

ಅಣ್ಣ ನನ್ನತ್ತ ನೋಡಿದ. ನಾನಲ್ಲ ಎಂದು ದನಿಯಿಲ್ಲದೆ ತುಟಿಯಲ್ಲೇ ಅಂದೆ.

"ಅವ್ರನ್ನ ಯಾಕ ನೋಡ್ತೀರಿ? ನನ್ನ ಮುಖ ನೋಡ್ತಿದ್ದದ್ದು ಮಾತು ತಿಳಿಯಾಕಾ?"

"ಮೊದ್ಲು ಅದಕ್ಕೇ."

"ಜಾಬರ್‌ನೂ ಹಿಂಗೇ ನೋಡ್ತೀರೇನು?" ಜಾಬರ್ ಅಂದರೆ ಮಗ್ಗಗಳ ಮೇಸ್ತ್ರಿ.

ಅಣ್ಣ ಸ್ವಲ್ಪ ಯೋಚಿಸಿದ. "ಇಲ್ಲ. ಅವ್ನ ಮೀಸೆ ಅಡ್ಡ ಬರ್ತೈತೆ."

ಅತ್ತಿಗೆ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಆಗದೆ ನಕ್ಕರು. ಕಣ್ಣೂ ಒರೆಸಿಕೊಂಡರು.

"ಬಾಯಿ ಮುಚ್ಕೋಬ್ಯಾಡ, ಕಾಣಂಗಿಲ್ಲ," ಅಂದ ಅಣ್ಣ. "ಅಲ್ಲಿ ಮ್ಯಾಲೆ ಏನಂದಿ?"

ಅತ್ತಿಗೆ ಜಟಕಾದವನನ್ನು ನೋಡಿದರು. ಅವನು ಕುದುರೆಯ ಕಡೆ ಹೋದ. ಆಮೇಲೆ ನನ್ನನ್ನು ನೋಡಿದರು.

"ಮೈದ್ನಾರೇ, ನೀವು ಸ್ವಲ್ಪ ಆ ಕಡೆ ತಿರುಗ್ರಿ."

ನಾನು ತಿರುಗಿದೆ. ಮುಂದಿನದನ್ನು ನಾನು ನೋಡಿಲ್ಲ, ಬರೆಯುವುದೂ ಇಲ್ಲ. ಅಣ್ಣ ಈಗಿಲ್ಲ. ಕಾವಲುಗಾರ ಆಗಲೇ ಹಣ್ಣು ಮುದುಕ. ಜಟಕಾದವನ ಸುದ್ದಿ ನನಗೆ ತಿಳಿಯದು. ಆ ದಿನ ನಡೆದದ್ದನ್ನು ಕಂಡವರಲ್ಲಿ ಉಳಿದವರು ನಾನು ಮತ್ತು ದಾವಣಗೆರೆಯ ವಿನೋಬನಗರದಲ್ಲಿ ಮಗಳ ಮನೆಯಲ್ಲಿರುವ ನನ್ನ ಅತ್ತಿಗೆ. ಬುರುಜಿನ ಮೇಲೆ ಅವರ ತುಟಿ ಏನು ಹೇಳಿತೆಂದು ಬಲ್ಲವರು ಈಗ ಅವರೊಬ್ಬರೇ.