ತೊನ್ನು ಯಂತ್ರಕ್ಕ, ಹುಡುಗಿಗಲ್ಲ

ಮೊನ್ನಿ ಟ್ರಂಕಿನ ತಳದಾಗ ಒಂದು ಬೂದು ಬಣ್ಣದ ಫೋಟೋ ಹಾಳಿ ಸಿಕ್ತು. ಅದರಾಗ ಮಂದಿಲ್ಲ, ಮನಿಯಿಲ್ಲ. ನಡುವ ಜ್ವಾಳದ ಕಾಳಿನಷ್ಟು ಬಿಳಿ ಚುಕ್ಕಿ, ಅಷ್ಟ. "ಇಂಥಾ ಕೆಟ್ಟ ಫೋಟೋ ಯಾಕ ಇಟ್ಟೀ ಆಯಿ?" ಅಂತ ಮೊಮ್ಮಗಳು ನಕ್ಕಳು. ಕೆಟ್ಟದ್ದಂತ! ನನ್ನ ಬಾಳೇವು ಉಳಿಸಿದ ಫೋಟೋ ಅದು.

ಎಪ್ಪತ್ತರ ದಶಕದ ಕಡೀ ಮಾತು. ಇಳಕಲ್ಲದಾಗ ನಮ್ಮ ಓಣಿ ಮೂಲ್ಯಾಗ ಫೋಟೋದ ಮಾಮಾನ ಸ್ಟುಡಿಯೋ ಇತ್ತು. ಗುಡೂರಿನ ವರನ ಕಡೆಯವ್ರಿಗೆ ಕಳಸಾಕ ಅಲ್ಲೇ ನನ್ನ ಫೋಟೋ ತಗಸಿದ್ರು. ವಾರದಾಗ ಅವರು ಹೇಳಿ ಕಳಿಸಿದ್ರು: ಹುಡುಗಿ ಗಲ್ಲದ ಮ್ಯಾಲೆ ತೊನ್ನು ಐತಿ, ನಾವು ನೋಡಾಕ ಬರೂದಿಲ್ಲ. ಅಯ್ಯ ಶಿವನ! ನನ್ನ ಗಲ್ಲ ನುಣ್ಣಗ ಇತ್ತು. ಆದ್ರ ಸುದ್ದಿ ಓಣಿ ತುಂಬ ಹಬ್ಬಿತ್ತು. ಅವ್ವ ದಿನಾ ನನ್ನ ಬಿಸಲಾಗ ನಿಂದರಿಸಿ ಗಲ್ಲ ನೋಡೂದು, ನಾ ಕನ್ನಡಿ ಹಿಡಕೊಂಡು ಅಳೂದು...

ಅಪ್ಪ ಮಾಮಾನ ಹತ್ರ ಹೋಗಿ, "ಫೋಟೋದಾಗ ಗಲ್ಲದ ಮ್ಯಾಲೆ ಬಂದ ಬಿಳಿ ಚುಕ್ಕಿಗೆ ಪೆನ್ಸಿಲ್ ತಿದ್ದಿ ಕೊಡ್ರಿ" ಅಂದ.

"ತಿದ್ದಿದ್ರ, ಮುಚ್ಚಿಟ್ರು ಅಂತಾರ್ರಿ. ತಡೀರಿ, ತಪ್ಪು ಯಾರದು ನೋಡೂಣು" ಅಂದ್ರು ಮಾಮಾ.

ನನ್ನ, ಅವ್ವನ್ನ ಕರಿಸಿ, ಎಲ್ಲಾರ್ನೂ ಫೋಟೋ ತೊಳಿಯೋ ಕತ್ತಲ ಖೋಲಿಗೆ ಕರದ್ರು. ಫೋಟೋ ದೊಡ್ಡದು ಮಾಡೋ ಯಂತ್ರದಾಗಿಂದ ನನ್ನ ನೆಗೆಟಿವ್ ತಗದು, ಹಾಳಿ ಮ್ಯಾಲೆ ಬರೇ ಬೆಳಕು ಬಿಟ್ರು. ಔಷಧದಾಗ ಅದ್ದಿದ ಹಾಳಿ ನಿಧಾನಕ ಬೂದು ಆತು... ಅದ ಜಾಗಾದಾಗ ಅದ ಬಿಳಿ ಚುಕ್ಕಿ! ಯಂತ್ರದ ಗಾಜಿಗೆ ಕಲಿ ಬಿದ್ದಿತ್ತು. ಅಲ್ಲಿ ಬೆಳಕು ಕಡಿಮಿಯಾಗಿ ಹಾಳಿ ಬೆಳ್ಳಗ ಉಳೀತಿತ್ತು. ಎದಿ ಮ್ಯಾಲಿನ ಕಲ್ಲು ಇಳದಂಗಾಗಿ ನಾ ನಕ್ಕೆ, ಅವ್ವ ಅಲ್ಲೇ ಕುಂತು ಅತ್ತಳು.

ಗಾಜು ಎಷ್ಟು ಒರಸಿದ್ರೂ ಕಲಿ ಹೋಗಲಿಲ್ಲ. ಮಾಮಾ ರಟ್ಟಿಗೊಂದು ತೂತು ಮಾಡಿ, ಆ ಚುಕ್ಕಿಗಷ್ಟ ಇನ್ನೊಂದೀಟು ಬೆಳಕು ಕೊಟ್ರು. ಬರೇ ಹಾಳಿ ಒಂದ ಸಮ ಬೂದು ಬರೂತನಕ ನೋಡಿ, ಆಮ್ಯಾಲೆ ನನ್ನ ನೆಗೆಟಿವ್ ಇಟ್ಟು ಅಷ್ಟ ಲೆಕ್ಕದಾಗ ಬೆಳಕು ಬಿಟ್ರು. ಗಲ್ಲ ಸ್ವಚ್ಛ ಬಂತು. ಮರುದಿನ ತಾವ ಬಸ್ ಹತ್ತಿ ಗುಡೂರಿಗೆ ಹೋಗಿ, ಎಲ್ಲಾ ಹಾಳಿ ಮುಂದಿಟ್ಟು, "ತೊನ್ನು ನನ್ನ ಯಂತ್ರಕ್ಕ ಐತ್ರಿ, ಹುಡುಗಿಗಲ್ಲ" ಅಂತ ಹೇಳಿ ಬಂದ್ರು.

ನನ್ನ ಮದುವಿ ಆತು. ಆದ್ರ ಮಾಮಾ ಆಡಿದ ಮಾತು ಅವರಿಗೇ ಅಂಟಿಕೊಂತು. ಮಂದಿ "ತೊನ್ನಿನ ಸ್ಟುಡಿಯೋ" ಅನ್ನಾಕ ಹತ್ತಿದ್ರು. ಹೆಣ್ಣು ಹೆತ್ತವ್ರು ಅತ್ತ ಹಾಯಲಿಲ್ಲ. ಕಡೀಗೆ ಅದು ಮುಚ್ಚಿತು.

ಈಗಿನ ಕ್ಯಾಮರಾ ಹಿಂಗ ಬರೇ ಬೆಳಕು ನೋಡಿ ತಮ್ಮ ಚುಕ್ಕಿ ತಾವ ತಿದ್ದಿಕೊಳ್ತಾವಂತ, ಮೊಮ್ಮಗಳು ಹೇಳಿದಳು. ಮಾಮಾ ಹೋಗಿ ಭಾಳ ವರ್ಷ ಆತು. ಆ ದಿನಾ ನೆನಸಿದ್ರ ಇವತ್ತಿಗೂ ಜೀವ ಹಗುರ ಆಗತೈತಿ, ಖರೆ. ಆದ್ರ ಒಂದು ಮಾತು ಅಕಿಗೆ ಹೇಳಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಂಗಿ ಫೋಟೋ ತಗಸೂ ಹೊತ್ತಿಗೆ ಮಾಮಾನ ಸ್ಟುಡಿಯೋ ಇನ್ನೂ ಮುಚ್ಚಿರಲಿಲ್ಲ, ಬಾಗಲಾ ತಗದ ಇತ್ತು. ಅಪ್ಪ ಅಕಿನ್ನ ಫೋಟೋ ತಗಸಾಕ ಹುನಗುಂದಕ್ಕ ಕರಕೊಂಡು ಹೋದ. ನಾನೂ ಬ್ಯಾಡ ಅನ್ನಲಿಲ್ಲ.