ಬಟ್ಟೆ ಕ್ಲಿಪ್ಪಿನ ಮೇಡಂ

ಲಕ್ಷ್ಮೀಪುರಂನ ನಮ್ಮನೆ ಮಹಡಿಯ ಮೇಲೆ ಆಗ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿತ್ತು. ಅಲ್ಲಿ ನನ್ನ ಮಗಳೂ ಸೇರಿ ಆರು ಜನರ ಕೆಲಸ ನೋಡಿಕೊಳ್ಳುತ್ತಿದ್ದವರು ಒಬ್ಬರು ಮೇಡಂ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಅವರ ಲೆಕ್ಕ ನನಗೆ ಅರ್ಥವಾಗುತ್ತಿತ್ತು.

ನನ್ನ ಹತ್ತಿರ ಬಟ್ಟೆ ಕ್ಲಿಪ್ಪು ಇಸ್ಕೊಂಡು ಹೋಗಿ, ಗೋಡೆಗೆ ಆರು ದಾರ ಕಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ದಾರ, ಐದೇ ಕ್ಲಿಪ್ಪು. ಒಂದು ಕೆಲಸಕ್ಕೆ ಒಂದು ಚೀಟಿ ನೇತಾಕೋರು. ಆಫೀಸಿನ ಯಜಮಾನರು, ಸಾಹೇಬರು, ದಿನಕ್ಕೆ ಮೂರು ಸಲ ಬಂದು, "ಅದು ಬಿಡಿ, ಇದು ಅರ್ಜೆಂಟು" ಅನ್ನೋರು. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಒಂದು ಹಾಕೋಕೆ ಒಂದು ತೆಗೀರಿ ಸಾರ್" ಅನ್ನೋರು.

ಬಸುರಿ ಮಗಳಿಗೆ ಎಂಟು ತಿಂಗಳಾಗಿ ಕಾಲು ಊದಿಕೊಂಡಿತ್ತು. ಡಾಕ್ಟರು ಮಲಗಿರಬೇಕು ಅಂದಿದ್ದರು. ಅವತ್ತು ನಾನು ಕಾಫಿ ತಗೊಂಡು ಹೋದಾಗ, ಸಾಹೇಬರು ಅವಳ ದಾರಕ್ಕೇ ಹೊಸ ಚೀಟಿ ಸಿಕ್ಕಿಸಲು ಹೊರಟಿದ್ದರು. ಮೇಡಂ ಆ ಐದೂ ಕ್ಲಿಪ್ಪು ಬಿಚ್ಚಿ ನನ್ನ ಕೈಗಿಟ್ಟರು. ಚೀಟಿಗಳನ್ನು ಸಾಹೇಬರ ಕೈಗಿಟ್ಟರು.

"ಇವಳು ನಾಳೆಯಿಂದ ರಜಾ ಸಾರ್. ಬೇರೆ ದಾರ ಎಲ್ಲಾ ತುಂಬಿದೆ. ಇದರಲ್ಲಿ ಯಾವುದು ಕಾಯುತ್ತೆ, ನೀವೇ ಹೇಳಿ."

ಸಾಹೇಬರು ಓದಿದರು, ಮತ್ತೆ ಓದಿದರು. ಆಮೇಲೆ ಹೊಸದನ್ನೂ ಸೇರಿಸಿ ಎಲ್ಲವನ್ನೂ ಜೇಬಿಗೆ ತುರುಕಿಕೊಂಡು ಇಳಿದು ಹೋದರು!

ಮೊಮ್ಮಗಳು ಹುಟ್ಟಿದಳು ಕಣ್ರೀ, ಚಿನ್ನದಂಥವಳು! ನಮ್ಮ ತಂತಿ ತುಂಬ ಅವಳ ಉಚ್ಚೆ ಬಟ್ಟೆ. ಮೇಡಂ ಮೆಟ್ಟಿಲ ಮೇಲೆ ನಿಂತು ನಕ್ಕರು.

"ಒಂದು ಹಾಕೋಕೆ ಒಂದು ತೆಗೀರಿ ಅಮ್ಮ!"

"ಅದು ನಿಮ್ಮ ಸಾಹೇಬರಿಗೆ ಹೇಳ್ರೀ. ಈ ಪುಟ್ಟ ಸಾಹೇಬರದ್ದು ಎಲ್ಲಾ ನಿಜವಾಗ್ಲೂ ಅರ್ಜೆಂಟು!"